ಗುಟ್ಟಿಲ್ಲದ ಸಾಸು

ಫ್ರೆಂಚ್ ಫ್ರೈಸ್ ನನಗೆ ಬರೀ ನೆಪ. ಬೇಕಾಗಿರುವುದು ಅದ್ದಿಕೊಳ್ಳುವ ಸಾಸು. ಮೆಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಬರ್ಗರ್ ಒಳಗೆ ಹಚ್ಚುತ್ತಾರಲ್ಲ, ಆ ಸಾಸನ್ನೇ ಈ ಸಲ ಮನೆಯಲ್ಲಿ ಮಾಡಿದೆ.

ಅದರಲ್ಲಿ ಗುಟ್ಟೇನೂ ಉಳಿದಿಲ್ಲ ಬಿಡಿ. 2012ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಶೆಫ್ ಒಬ್ಬರು ವೀಡಿಯೊದಲ್ಲೇ ಮಾಡಿ ತೋರಿಸಿಬಿಟ್ಟಿದ್ದಾರೆ. ಮೇಯನೀಸ್, ಸಿಹಿ ಪಿಕಲ್ ರೆಲಿಶ್ (ಸಣ್ಣಗೆ ಹೆಚ್ಚಿದ ಸೌತೆಕಾಯಿಯ ಸಿಹಿ ಉಪ್ಪಿನಕಾಯಿ), ಹಳದಿ ಮಸ್ಟರ್ಡ್, ವೈಟ್ ವೈನ್ ವಿನೆಗರ್, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಪ್ಯಾಪ್ರಿಕಾ (ಖಾರ ಕಮ್ಮಿ ಇರುವ ಕೆಂಪು ಮೆಣಸಿನ ಪುಡಿ). ಅಷ್ಟೇ. ಕೆಚಪ್ ಇಲ್ಲವೇ ಇಲ್ಲ! ಆ ಬಣ್ಣ ಪ್ಯಾಪ್ರಿಕಾದ್ದು.

ಕಲಸಿದ ಕೂಡಲೇ ರುಚಿ ನೋಡಿದರೆ ಮಾತ್ರ ಬೇಜಾರಾಗುತ್ತದೆ. ಮೇಯನೀಸ್ ಒಂದು ಕಡೆ, ವಿನೆಗರ್ ಹುಳಿ ಇನ್ನೊಂದು ಕಡೆ. ಪುಡಿಗಳು ನಾಲಿಗೆಗೆ ಮರಳಿನ ಹಾಗೆ ತರಿತರಿಯಾಗಿ ಸಿಗುತ್ತವೆ. ಸುಮ್ನೆ ಮುಚ್ಚಿ ರಾತ್ರಿಯೆಲ್ಲಾ ಫ್ರಿಜ್‌ನಲ್ಲಿ ಇಟ್ಟುಬಿಡಬೇಕು. ಒಣ ಪುಡಿಗಳು ನೀರಿನಂಶ ಹೀರಿಕೊಂಡು ಮೆತ್ತಗಾಗುತ್ತವೆ, ಘಮ ಬಿಡುತ್ತವೆ. ಬೆಳಿಗ್ಗೆ ಚಮಚದ ತುದಿಯಲ್ಲಿ ತೆಗೆದು ನೆಕ್ಕಿದರೆ, ನಿನ್ನೆ ಕಲಸಿದ್ದು ಇದೇನಾ ಅಂತ ಅನುಮಾನ ಬರುತ್ತದೆ.

ರುಚಿ ಹೆಚ್ಚುಕಮ್ಮಿ ಅದೇ. ಆದರೂ ಏನೋ ಕಮ್ಮಿ. ಹೊರಗೆ ತಿನ್ನುವಾಗ ಸಾಸು ಸಿಗುವುದು ಪುಟ್ಟ ಕಪ್ಪಿನಲ್ಲಿ. ಲೆಕ್ಕ ಹಾಕಿ ಅದ್ದುತ್ತೇವೆ, ಕೊನೆಗೆ ಮೂಲೆಯನ್ನೂ ಬಿಡದೆ ಕೆರೆಯುತ್ತೇವೆ. ಇಲ್ಲಿ ಡಬ್ಬಿ ತುಂಬ ಇದೆ, ಕೇಳುವವರಿಲ್ಲ. ಆಸೆಯಲ್ಲಿ ಅರ್ಧ ಪಾಲು ಆ ಕಪ್ಪಿನ ಸೈಜಿನದ್ದೇ ಇರಬಹುದು, ಅಲ್ವಾ?

ನಾಳೆ ಸ್ಯಾಂಡ್‌ವಿಚ್‌ಗೂ ಹಚ್ಚಿ ನೋಡಬೇಕು. ರೆಲಿಶ್ ಇನ್ನೂ ಸ್ವಲ್ಪ ಜಾಸ್ತಿ ಹಾಕಬಹುದಿತ್ತು.