ಪಿಕಪ್‌ಗೆ ಪಿಕಪ್ ಬಂತು, ಮುಕ್ಕಾಲು ಭಾಗ

ಹೋದ ಸಲ ಬರೆದಾಗ ನನ್ನ ಹಳೇ ಟೊಯೋಟಾ ಪಿಕಪ್ಪಿನ ಎಂಜಿನ್ ಗ್ಯಾರೇಜಿನ ನೆಲದ ಮೇಲೆ ಬಿಚ್ಚಿ ಬಿದ್ದಿತ್ತು. ಈಗ ಗಾಡಿ ಓಡುತ್ತಿದೆ. ಆಫೀಸಿಗೂ ಅದರಲ್ಲೇ ಹೋಗುತ್ತಿದ್ದೇನೆ. ಆದರೆ ನಡುವೆ ಮೂರು ವಾರ ಹಾಳು ಮಾಡಿಕೊಂಡೆ, ಅದೂ ನನ್ನದೇ ತಪ್ಪಿನಿಂದ.

ಗೊತ್ತಿಲ್ಲದವರಿಗೆ: ಇದು 1991ರ ಟೊಯೋಟಾ ಪಿಕಪ್, ಫೋರ್ ವೀಲ್ ಡ್ರೈವ್, ಐದು ಗೇರು. ಬೇರೆ ಕಡೆ ಹೈಲಕ್ಸ್ ಅಂತ ಕರೆಯುವ ಗಾಡಿಯೇ. ಅಮೆರಿಕದಲ್ಲಿ ಮಾತ್ರ 1995ರಲ್ಲಿ ಟಕೋಮಾ ಬರುವ ತನಕ ಇದನ್ನು ಬರೀ 'ಪಿಕಪ್' ಅಂತಲೇ ಮಾರಿದರು. ಎಂಜಿನ್ 22ಆರ್‌ಇ, 2366 ಸಿಸಿ, ನಾಲ್ಕು ಸಿಲಿಂಡರ್. ಸಾಯುವುದೇ ಇಲ್ಲ ಅಂತ ಅದಕ್ಕೆ ಹೆಸರು. ಒಂದೇ ಒಂದು ಹಳೇ ಕಾಯಿಲೆ, ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್. ಅದು ಮುರಿದರೆ ಚೈನು ಮುಂದಿನ ಕವರನ್ನೇ ಉಜ್ಜಿ ತೂತು ಮಾಡಿ, ಕೂಲಂಟನ್ನು ಆಯಿಲ್‌ಗೆ ಬಿಡುತ್ತದೆ. ಅದನ್ನು ಸರಿ ಮಾಡಲು ಬಿಚ್ಚಿದವನು ಸುಮ್ನೆ ಮುಚ್ಚಬೇಕಿತ್ತು. ಬಿಚ್ಚಿದ್ದೇನಲ್ಲ ಅಂತ ಸ್ವಲ್ಪ ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿದೆ, ಹೆಡರ್ (ಹೊಗೆ ಸಲೀಸಾಗಿ ಹೊರಗೆ ಬಿಡುವ ಪೈಪು) ಹಾಕಿದೆ. ಅಲ್ಲಿಂದ ಶುರುವಾಯಿತು. 3500 ಆರ್‌ಪಿಎಂ ದಾಟಿದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು, ಕಾಲು ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ. ಹೆಸರಿಗೆ ಪಿಕಪ್, ಪಿಕಪ್ಪೇ ಇಲ್ಲ.

ಕಾರಣ ಸರಳ. ಕಂಪನಿ ಕಂಪ್ಯೂಟರ್ ಹಳೇ ಕ್ಯಾಮಿನ ಲೆಕ್ಕದಲ್ಲಿ ಪೆಟ್ರೋಲ್ ಬಿಡುತ್ತದೆ. ಗಾಳಿ ಜಾಸ್ತಿ ಹೋದರೆ, ಅದೂ ಪೂರ್ತಿ ಎಕ್ಸಲರೇಟರ್ ಒತ್ತಿದಾಗ, ಅದಕ್ಕೆ ತಿದ್ದಿಕೊಳ್ಳಲು ಬರುವುದಿಲ್ಲ. ಹಾಗಾಗಿ ಮೆಗಾಸ್ಕ್ವರ್ಟ್ ತಂದೆ, ನಾವೇ ಟ್ಯೂನ್ ಮಾಡಿಕೊಳ್ಳಬಹುದಾದ ಎಂಜಿನ್ ಕಂಪ್ಯೂಟರ್. ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೋ ಅನ್ನುವ ಇಬ್ಬರು ಶುರು ಮಾಡಿದ್ದು, ಕಿಟ್ ತಂದು ನಾವೇ ಬೆಸುಗೆ ಹಾಕಿಕೊಳ್ಳಬಹುದು. ಎರಡು ಭಾನುವಾರ ಬೆಸುಗೆ ಹಾಕಿದೆ, ಒಂದು ಡಯೋಡ್ ತಿರುಗಿಸಿ ಕೂರಿಸಿ ಮತ್ತೆ ಕಿತ್ತೆ. ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ ಸ್ಟಿಮ್ಯುಲೇಟರ್ (ಎಂಜಿನ್ನಿನ ಸಿಗ್ನಲ್ ನಕಲು ಮಾಡುವ ಬೋರ್ಡ್) ಇಟ್ಟು ನೋಡಿಕೊಂಡೆ. ಯಾರಾದರೂ ಮಾಡುವುದಾದರೆ ಇದನ್ನು ಬಿಡಬೇಡಿ.

ಸದ್ಯಕ್ಕೆ ಪೆಟ್ರೋಲ್ ಮಾತ್ರ ಇದರ ಕೈಯಲ್ಲಿ. ಸ್ಪಾರ್ಕ್ ಹಳೇ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಹಾಗಾಗಿ ಗಾಳಿ ಅಳೆಯುವ ಆ ಹಳೇ ರೆಕ್ಕೆ ಡಬ್ಬವನ್ನೂ ಕಿತ್ತಿಲ್ಲ. ಅದರೊಳಗೇ ಪೆಟ್ರೋಲ್ ಪಂಪಿನ ಸ್ವಿಚ್ ಬೇರೆ ಇದೆ, ಅದನ್ನು ಮರೆತು ಡಬ್ಬ ಕಿತ್ತವರು ಪಂಪ್ ಯಾಕೆ ಓಡುತ್ತಿಲ್ಲ ಅಂತ ದಿನವಿಡೀ ಹುಡುಕುತ್ತಾರೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ವೈರು ಮಾತ್ರ ಹೊಸ ಡಬ್ಬಕ್ಕೆ ತಂದೆ. ಮಲ್ಟಿಮೀಟರಿನಲ್ಲಿ ಒಂದೊಂದೂ ಸುಮಾರು 14 ಓಮ್, ಅಂದರೆ ಬೇರೆ ರೆಸಿಸ್ಟರ್ ಬೇಡ.

ಮೊದಲ ಲೆಕ್ಕ ಕೈಯಲ್ಲೇ ಮಾಡಿದೆ, ಮಜಾ ಇದೆ. ಒಂದು ಸಿಲಿಂಡರ್ 591 ಸಿಸಿ. ಅಷ್ಟು ಗಾಳಿ ಸುಮಾರು 0.7 ಗ್ರಾಂ ತೂಗುತ್ತದೆ. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಅಂದರೆ 0.047 ಗ್ರಾಂ ಚಿಲ್ಲರೆ, ಅಂದರೆ 0.064 ಸಿಸಿ. ಕ್ಲೀನ್ ಮಾಡಿಸಿ ಅಳೆಸಿದಾಗ ನನ್ನ ಇಂಜೆಕ್ಟರುಗಳು ನಿಮಿಷಕ್ಕೆ 195 ಸಿಸಿ ಬಿಡುತ್ತಿದ್ದವು. ಭಾಗಿಸಿದರೆ ಹತ್ತಿರ ಹತ್ತಿರ 20 ಮಿಲಿಸೆಕೆಂಡ್. ಸಿಲಿಂಡರ್ ಪೂರ್ತಿ ತುಂಬಿದರೆ ಇಂಜೆಕ್ಟರ್ ಅಷ್ಟು ಹೊತ್ತು ತೆರೆದಿರಬೇಕು. 5000 ಆರ್‌ಪಿಎಂನಲ್ಲಿ ಎಂಜಿನ್ ಎರಡು ಸುತ್ತು ಮುಗಿಸಲು ಸಿಗುವ ಸಮಯವೇ 24 ಮಿಲಿಸೆಕೆಂಡ್. ಅಂದರೆ ಈ ಇಂಜೆಕ್ಟರುಗಳಿಗೆ ಮೇಲೆ ಹೆಚ್ಚು ಜಾಗ ಉಳಿದಿಲ್ಲ. ಟರ್ಬೋ ಆಸೆ ಅಲ್ಲಿಗೆ ಮುಗಿಯಿತು. ಹೆಂಡತಿಗೆ ಖುಷಿ.

ಇನ್ನು ಟ್ಯೂನಿಂಗ್. ಸಾಫ್ಟ್‌ವೇರಿನಲ್ಲಿ 16ಕ್ಕೆ 16ರ ಒಂದು ಟೇಬಲ್ ಇರುತ್ತದೆ, 256 ಮನೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಮ್ಯಾನಿಫೋಲ್ಡಿನ (ಸಿಲಿಂಡರಿಗೆ ಗಾಳಿ ಒಯ್ಯುವ ಪೈಪು) ಒತ್ತಡ ಕಿಲೋಪಾಸ್ಕಲ್‌ನಲ್ಲಿ. ಆ ಹೊತ್ತಿಗೆ ಸಿಲಿಂಡರ್ ಶೇಕಡಾ ಎಷ್ಟು ತುಂಬುತ್ತದೆ ಅನ್ನುವುದು ಪ್ರತಿ ಮನೆಯಲ್ಲೂ ಇರಬೇಕು. ಸೈಲೆನ್ಸರ್ ಪೈಪಿಗೆ ಬಾಸ್ (ಸೆನ್ಸರ್ ತಿರುಪುವ ಬಳೆ) ವೆಲ್ಡ್ ಮಾಡಿಸಿ, ಗಾಳಿ-ಪೆಟ್ರೋಲ್ ಅನುಪಾತ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿದೆ (ನೀರು ನಿಲ್ಲದ ಹಾಗೆ ಮೇಲ್ಮುಖವಾಗಿ, ಕೆಳಗೆ ಹಾಕಿದರೆ ಸೆನ್ಸರ್ ಬೇಗ ಹೋಗುತ್ತದೆ). ಅದರ ಮೀಟರ್ ಕಿಟಕಿ ಪಕ್ಕದ ಕಂಬದ ಮೇಲೆ, ಅದರ ಸಿಗ್ನಲ್ ವೈರ್ ಮೆಗಾಸ್ಕ್ವರ್ಟ್‌ಗೆ. ನಾನು ಓಡಿಸುವುದು, ಸಾಫ್ಟ್‌ವೇರ್ ಲಾಗ್ ನೋಡಿ ಮನೆಗಳನ್ನು ತಾನೇ ತಿದ್ದುವುದು. ಸರಾಗವಾಗಿ ಹೋಗುವಾಗ 14.7, ಪೂರ್ತಿ ಒತ್ತಿದಾಗ 12.8ರ ಆಸುಪಾಸು, ಇದು ಗುರಿ (ಅಂಕಿ ದೊಡ್ಡದಾದಷ್ಟೂ ಪೆಟ್ರೋಲ್ ಕಡಿಮೆ). ಇಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನ ಬಂಕಿನಲ್ಲಿ ಸಿಗುವುದು ಶೇ. 10 ಎಥನಾಲ್ ಬೆರೆಸಿದ ಪೆಟ್ರೋಲ್, ಅದಕ್ಕೆ ನಿಜವಾದ ಅನುಪಾತ ಸುಮಾರು 14.1. ಆದರೆ ಸೆನ್ಸರ್ ನೋಡುವುದು ಲ್ಯಾಮ್ಡಾ (ಬೇಕಾದದ್ದಕ್ಕೆ ಹೋಲಿಸಿದರೆ ಗಾಳಿ ಎಷ್ಟಿದೆ ಅನ್ನುವುದು) ಮಾತ್ರ, ಮೀಟರ್ ಅದನ್ನು ಪೆಟ್ರೋಲ್ ಭಾಷೆಗೆ ತಿರುಗಿಸಿ 14.7 ಅಂತ ತೋರಿಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ದಿನವೇ ಗಾಡಿ ಎಷ್ಟು ಚೆನ್ನಾಗಿ ಎಳೆಯಿತು ಅಂದರೆ, ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. "ಓಡ್ತಾ ಇದ್ದ ಗಾಡೀನ ಯಾಕೋ ಬಿಚ್ಚಿದೆ?" ಅಂದರು. ಉತ್ತರ ಇರಲಿಲ್ಲ.

ಆಮೇಲೆ ವಿಚಿತ್ರ ಶುರುವಾಯಿತು. ಬೆಳಗ್ಗೆ ತಿದ್ದಿದ ಟೇಬಲ್ ಸಂಜೆಗೆ ತಪ್ಪಾಗಿರುತ್ತಿತ್ತು. ಸಂಜೆ ಸಾಫ್ಟ್‌ವೇರ್ ಪೆಟ್ರೋಲ್ ಜಾಸ್ತಿ ಮಾಡುವುದು, ಮಾರನೇ ದಿನ ಅದನ್ನೇ ಕಡಿಮೆ ಮಾಡುವುದು. ಪ್ಲಗ್ ಬಿಚ್ಚಿ ನೋಡಿದರೆ ಕಪ್ಪು ಮಸಿ. ಹ್ಯೂಸ್ಟನ್ನಿನ ಸೆಕೆ ಇರಬೇಕು, ಇಂಜೆಕ್ಟರ್ ಸೋರುತ್ತಿರಬೇಕು, ಪ್ರೆಷರ್ ರೆಗ್ಯುಲೇಟರ್ ಇರಬೇಕು, ಹೀಗೆ ಒಂದೊಂದನ್ನೇ ಅನುಮಾನಿಸಿ ರೆಗ್ಯುಲೇಟರನ್ನು ಬದಲಾಯಿಸಿಯೂ ಆಯಿತು. ದುಡ್ಡು ದಂಡ.

ಹಿಡಿದದ್ದು ಹೆಂಡತಿ. ಒಂದು ಸಂಜೆ ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಕತ್ತಲಾಯಿತು ಅಂತ ಹೆಡ್‌ಲೈಟ್ ಹಾಕಿದೆ. "ರೀ, ಈಗ ತಾನೇ 14.7 ಇತ್ತು, ಇದ್ದಕ್ಕಿದ್ದಂಗೆ 15.2 ಆಯ್ತು. ಆದರೆ ಆ ಮೀಟರ್‌ನಲ್ಲಿ ಇನ್ನೂ 14.7 ಅಂತಾನೇ ಇದೆ. ಯಾವುದನ್ನ ನಂಬೋದು?" ಅಂದಳು. ಲೈಟ್ ಆರಿಸಿದೆ, 14.7. ಹಾಕಿದೆ, 15.2. ಎಂಜಿನ್ ಸದ್ದಿನಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ. ಪಾರ್ಕಿಂಗಿನಲ್ಲಿ ನಿಲ್ಲಿಸಿ ಇಬ್ಬರೂ ಮಕ್ಕಳ ಹಾಗೆ ಹತ್ತು ಸಲ ಲೈಟ್ ಹಾಕಿ ಆರಿಸಿ ನೋಡಿದೆವು.

ಅರ್ಥಿಂಗ್! ವೈಡ್‌ಬ್ಯಾಂಡಿನ ಅರ್ಥ್ ವೈರನ್ನು ಸೋಮಾರಿತನಕ್ಕೆ ಡ್ಯಾಶ್ ಕೆಳಗಿನ ಬಾಡಿ ಬೋಲ್ಟಿಗೆ ಕಟ್ಟಿದ್ದೆ. ಮೆಗಾಸ್ಕ್ವರ್ಟ್‌ನದು ಎಂಜಿನ್ನಿಗೆ. ಬಾಡಿಯಿಂದ ಎಂಜಿನ್ನಿಗೆ ಬರುವ ಅರ್ಥ್ ಪಟ್ಟಿ ಮೂವತ್ತು ವರ್ಷದ ಹಳೆಯದು, ಒಳಗೆಲ್ಲ ಹಸಿರು ಕಿಲುಬು. ಲೈಟ್ ಹಾಕಿದಾಗ ಎರಡು ಬೋಲ್ಟಿನ ನಡುವೆ ಮಲ್ಟಿಮೀಟರ್ ಇಟ್ಟರೆ 0.16 ವೋಲ್ಟ್. ನನ್ನ ಸೆನ್ಸರಿನಲ್ಲಿ 0ಯಿಂದ 5 ವೋಲ್ಟ್ ಅಂದರೆ 7.35ರಿಂದ 22.39, ವೋಲ್ಟಿಗೆ ಮೂರು. 0.16 ವೋಲ್ಟಿಗೆ ಸರಿಯಾಗಿ ಅರ್ಧ ಅಂಕ! ಲೈಟ್ ಹಾಕಿದಾಗಲೆಲ್ಲ ಪೆಟ್ರೋಲ್ ಕಡಿಮೆ ಇದೆ ಅಂತ ನಂಬಿ ಸಾಫ್ಟ್‌ವೇರ್ ಸುರಿಯುತ್ತಿತ್ತು. ಎರಡನ್ನೂ ಎಂಜಿನ್ ಹೆಡ್ಡಿನ ಒಂದೇ ಬೋಲ್ಟಿಗೆ ತಂದೆ, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ, ಹೊಸ ಪಟ್ಟಿ ಹಾಕಿ. ಈಗ 0.01. ಮೂರು ವಾರದ ಲಾಗ್‌ಗಳನ್ನೆಲ್ಲ ಡಿಲೀಟ್ ಮಾಡಿ ಮೊದಲಿಂದ ಶುರು. ಈ ಸಲ ನಾಲ್ಕೇ ದಿನದಲ್ಲಿ ಟೇಬಲ್ ನೆಲೆ ನಿಂತಿತು.

ಇನ್ನೊಂದು ಸಣ್ಣ ಕಾಟ. ಅಂಗಡಿ ಮುಂದೆ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್. ಗಾಳಿಯ ತಾಪ ನೋಡುವ ಸೆನ್ಸರನ್ನು ಮ್ಯಾನಿಫೋಲ್ಡಿನ ಲೋಹಕ್ಕೇ ತಿರುಪಿದ್ದೆ. ಲೋಹದ ಬಿಸಿ ಕುಡಿದು 70 ಡಿಗ್ರಿ ಅನ್ನುತ್ತಿತ್ತು, ಒಳಗೆ ಬರುವ ಗಾಳಿ 40. ಬಿಸಿ ಗಾಳಿ ತೆಳು ಅಂತ ಅದು ಶೇ. 9ರಷ್ಟು ಪೆಟ್ರೋಲ್ ಕತ್ತರಿಸುತ್ತಿತ್ತು. ಥ್ರಾಟಲ್ಲಿಗಿಂತ ಮೊದಲು ಗಾಳಿ ಬರುವ ರಬ್ಬರ್ ಪೈಪಿಗೆ ಸ್ಥಳಾಂತರ ಮಾಡಿದೆ, ಮುಗಿಯಿತು.

ಈಗ 5000ದ ತನಕ ಸಲೀಸು. ಗ್ಯಾಲನ್‌ಗೆ 17 ಮೈಲಿ ಕೊಡುತ್ತಿದ್ದದ್ದು 20 ಆಗಿದೆ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಎಂಟೂವರೆ ಕಿಲೋಮೀಟರ್. ಅಂದ ಹಾಗೆ, ಟೆಕ್ಸಾಸ್‌ನಲ್ಲಿ ಇಷ್ಟು ಹಳೇ ಗಾಡಿಗೆ ಹೊಗೆ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದವರು ಇದನ್ನು ಓದಿ ಆಸೆ ಪಡಬೇಡಿ, ಅಲ್ಲಿ ತೀರಾ ಹೊಸದನ್ನು ಬಿಟ್ಟರೆ 1976ರಿಂದ ಈಚಿನ ಪೆಟ್ರೋಲ್ ಗಾಡಿಗೆಲ್ಲ ಪರೀಕ್ಷೆ ಇದೆ.

ಉಳಿದಿರುವುದು ಕೋಲ್ಡ್ ಸ್ಟಾರ್ಟ್, ಅಂದರೆ ತಣ್ಣಗಿನ ಎಂಜಿನ್ನಿಗೆ ಯಾವ ತಾಪದಲ್ಲಿ ಎಷ್ಟು ಪೆಟ್ರೋಲ್ ಅನ್ನುವ ಟೇಬಲ್. ಅದು ತಾಳ್ಮೆಯ ಕೆಲಸ, ಯಾಕೆಂದರೆ ದಿನಕ್ಕೆ ಒಂದೇ ಸಲ ಎಂಜಿನ್ ಪೂರ್ತಿ ತಣ್ಣಗಿರುತ್ತದೆ. ಬೆಳಗ್ಗೆ ಒಂದು ಅಂಕಿ ಬದಲಾಯಿಸು, ಸ್ಟಾರ್ಟ್ ಮಾಡು, ನಾಳೆ ತನಕ ಕಾಯಿ. 25 ಡಿಗ್ರಿಯ ಸಾಲು ಸರಿಯಾಗಿದೆ. 5 ಡಿಗ್ರಿಯ ಸಾಲಿಗೆ ಹ್ಯೂಸ್ಟನ್ನಿನಲ್ಲಿ ಜನವರಿ ಬರಬೇಕು.