ಟ್ರೋಲ್‌ಗೆ ಉತ್ತರ ಕೊಡುವ ಮೊದಲು

ಹಗಲು ಶಿರಸಿ ಕಡೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಕನ್ನಡ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆದುಕೊಂಡು ಕೂರುತ್ತೇನೆ. ಯಾರು ಏನು ಸೇರಿಸಿದರು, ಯಾರು ಏನು ಅಳಿಸಿದರು ಅಂತ ನೋಡುತ್ತಾ ಹೋಗುವುದು ನನಗೆ ರೂಢಿ. ನಾನು ಅಲ್ಲಿ ನಿರ್ವಾಹಕಿ ಅಲ್ಲ. ಯಾರ ಖಾತೆಯನ್ನೂ ತಡೆಹಿಡಿಯುವ ಅಧಿಕಾರ ನನಗಿಲ್ಲ. ಆದರೆ ಯಾರಾದರೂ ಕಿರುಕುಳ ಕೊಡಲು ಶುರು ಮಾಡಿದರೆ ಮೊದಲು ಕೈಹಾಕಬೇಕಾದವರು ನನ್ನಂಥವರೇ. ಆ ಹೊತ್ತಿನಲ್ಲಿ ಎಚ್ಚರ ಇರುವವರು ನಾವು ಕೆಲವರು ಮಾತ್ರ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಕ್ಲೂಬಾಟ್ ಎನ್‌ಜಿ ಅನ್ನುವ ಬಾಟ್, ಅಂದರೆ ತಾನಾಗಿಯೇ ಓಡುವ ತಂತ್ರಾಂಶ, 2010ರಿಂದ ಕೆಲಸ ಮಾಡುತ್ತಿದೆ. ಯಾರಾದರೂ ಲೇಖನ ಕೆಡಿಸಿದರೆ ಎಷ್ಟೋ ಸಲ ಮನುಷ್ಯರು ನೋಡುವ ಮೊದಲೇ ಅದು ಸರಿಮಾಡಿರುತ್ತದೆ. ನಮ್ಮಲ್ಲಿ ಆ ಅನುಕೂಲ ಇಲ್ಲ. ಪದಗಳ ಪಟ್ಟಿ ಕೊಟ್ಟು ಬೈಗುಳ ತಡೆಯುವ ಶೋಧಕ ಇಡಬಹುದು. ಆದರೆ ಕನ್ನಡದಲ್ಲಿ ಒಂದು ಪದಕ್ಕೆ ವಿಭಕ್ತಿ ಸೇರಿ, ಸಂಧಿಯಾಗಿ ಹತ್ತಾರು ರೂಪ ಆಗುತ್ತವೆ. ಪಟ್ಟಿ ಬಿಗಿ ಮಾಡಿದರೆ ಒಳ್ಳೆಯ ವಾಕ್ಯವೂ ಸಿಕ್ಕಿಬೀಳುತ್ತದೆ, ಸಡಿಲ ಮಾಡಿದರೆ ಬೈಗುಳ ನುಸುಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬೈಗುಳ ಬರೆಯುವವರಿಗಂತೂ ಯಾವ ಪಟ್ಟಿಯೂ ಸಾಲುವುದಿಲ್ಲ. ಹಾಗಾಗಿ ಕೊನೆಗೆ ಮನುಷ್ಯರೇ ಕೂತು ನೋಡಬೇಕು.

ಹಾಗೆ ನೋಡುತ್ತಿದ್ದಾಗ ಗಮನಕ್ಕೆ ಬಂದವಳು ಒಬ್ಬಳು ಬಿ.ಎಸ್ಸಿ. ಓದುವ ಹುಡುಗಿ, ಮಂಡ್ಯ ಕಡೆಯವಳು. ಕಾಲೇಜಿನ ಕಾರ್ಯಾಗಾರದಲ್ಲಿ ಖಾತೆ ತೆರೆದಿದ್ದಳು. ಜೊತೆಯವರೆಲ್ಲ ಸಿನಿಮಾ ನಟರ ಬಗ್ಗೆ ಬರೆದರೆ ಇವಳು ತನ್ನ ಊರಿನ ಕೆರೆಯ ಬಗ್ಗೆ ಬರೆದಳು. ಏರಿ ಎಷ್ಟು ಉದ್ದ, ತೂಬು ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಕಡೆ ಹೋಗುತ್ತದೆ, ಅಚ್ಚುಕಟ್ಟಿನಲ್ಲಿ ಏನು ಬೆಳೆಯುತ್ತಾರೆ, ಎಲ್ಲ ಇತ್ತು. ಸರ್ಕಾರ ಹೊರತರುವ ಜಿಲ್ಲಾ ಮಾಹಿತಿಯ ಪುಸ್ತಕ ಗ್ಯಾಸೆಟಿಯರ್‌ನ ಪುಟ ಸಂಖ್ಯೆಯನ್ನೂ ಹಾಕಿದ್ದಳು. ಕೆರೆಯ ಬಗ್ಗೆ ಇಷ್ಟು ಚೆನ್ನಾಗಿ ತಿಳಿದು ಬರೆಯುವವರು ಸಿಗುವುದು ಅಪರೂಪ.

ಮೂರ್ನಾಲ್ಕು ದಿನದೊಳಗೆ ಒಬ್ಬ ಬಂದ. ಮೊದಲು ಲೇಖನದಿಂದ ಒಂದೊಂದೇ ಸಾಲು ಕಿತ್ತ. ಆಮೇಲೆ ಅವಳ ಚರ್ಚೆ ಪುಟಕ್ಕೆ, ಅಂದರೆ ಬೇರೆಯವರು ಅವಳಿಗೆ ಮಾತು ಬರೆದಿಡುವ ಪುಟಕ್ಕೆ, ಹೋದ. ಸದಸ್ಯ ಪುಟದಲ್ಲಿ ಅವಳು ಫೋಟೋ ಹಾಕಿದ್ದಳು. ಅವಳ ಬಣ್ಣ, ಅವಳ ಜಾತಿ, ಅವಳ ಊರು ಹಿಡಿದು ಬರೆದ. ಅವಳು ಮರ್ಯಾದೆಯಿಂದಲೇ ಉತ್ತರ ಕೊಟ್ಟಳು, ಯಾವ ಸಾಲು ತಪ್ಪು ಅಂತ ಹೇಳಿ, ತಿದ್ದುತ್ತೇನೆ ಅಂದಳು. ಒಂದು ಉತ್ತರ ಕೊಟ್ಟರೆ ಅವನಿಂದ ಐದು ಬಂದವು. ಆ ರಾತ್ರಿ ನನಗೆ ಮೇಲ್ ಮಾಡಿ ಕೇಳಿದಳು: ‘ಅಕ್ಕಾ, ನಾನು ಏನಾದ್ರೂ ತಪ್ಪು ಬರೆದೆನಾ?’

ನನಗೆ ಅವನ ಬೈಗುಳಕ್ಕಿಂತ ಈ ಪ್ರಶ್ನೆ ಜಾಸ್ತಿ ನೋವು ಕೊಟ್ಟಿತು. ಇಂಥ ಪ್ರಶ್ನೆಯನ್ನು ಯಾರನ್ನೂ ಕೇಳದೆ ಸುಮ್ನೆ ಎದ್ದುಹೋದ ಹುಡುಗಿಯರು ಎಷ್ಟು ಜನ ಇರಬಹುದು? ಟ್ರೋಲ್ ಕೆಡಿಸಿದ ಪುಟವನ್ನು ಒಂದು ಕ್ಲಿಕ್ಕಿನಲ್ಲಿ ಹಿಂದಿನಂತೆ ಮಾಡಬಹುದು. ಹಾಗೆ ಹೋದವರನ್ನು ಕರೆತರುವ ಗುಂಡಿ ಎಲ್ಲೂ ಇಲ್ಲ. ಅದಕ್ಕೇ ನಾನು ಹಟ ಹಿಡಿದು ಹೇಳುವುದು ಒಂದೇ ಮಾತು. ಕಿರುಕುಳ ಕಂಡಾಗ ಮೊದಲು ಹೊಸಬರ ಹತ್ತಿರ ಹೋಗಿ. ಟ್ರೋಲ್ ಹತ್ತಿರ ಆಮೇಲೆ ಹೋದರಾಯಿತು.

ಅವಳಿಗೆ ತಕ್ಷಣ ಬರೆದೆ: ‘ಏನೂ ತಪ್ಪಿಲ್ಲ ಪುಟ್ಟಿ. ನಿನ್ನ ಲೇಖನ ಚೆನ್ನಾಗಿದೆ. ಅವನಿಗೆ ಇನ್ನು ಒಂದಕ್ಷರವೂ ಬರೆಯಬೇಡ, ಅದನ್ನ ನಾವು ನೋಡ್ಕೋತೀವಿ.’ ಆಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಪುಟದ ವಿಳಾಸ ಮತ್ತು ಸಮಯ ಕಾಣುವ ಹಾಗೆ. ಅಳಿಸುವ ಮೊದಲು ಈ ಕೆಲಸ ಆಗಲೇಬೇಕು, ಮುಂದೆ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಬೇಕಾಗಿ ಬಂದರೆ ಅದೇ ಆಧಾರ. ಅದಾದ ಮೇಲೆ ಬರೆದದ್ದನ್ನು ರದ್ದು ಮಾಡಿದೆ. ರದ್ದು ಮಾಡಿದರೆ ಸಾಲದು, ಪುಟದ ಇತಿಹಾಸದಲ್ಲಿ ಅದು ಹಾಗೇ ಉಳಿದಿರುತ್ತದೆ. ಆ ಆವೃತ್ತಿಗಳನ್ನೇ ಮರೆಮಾಡಿ ಅಂತ ನಿರ್ವಾಹಕರೊಬ್ಬರಿಗೆ ಖಾಸಗಿಯಾಗಿ ಕೇಳಿಕೊಂಡೆ. ಅವರು ಮರೆಮಾಡಿದರು, ಖಾತೆಯನ್ನೂ ತಡೆದರು.

ಅವನು ಬೇರೆ ಹೆಸರಲ್ಲಿ ಬಂದ. ಮತ್ತೆ ಇನ್ನೊಂದು ಹೆಸರಲ್ಲಿ. ಈ ಖಾತೆಗಳೆಲ್ಲ ಒಬ್ಬನವೇ ಅಂತ ತಾಂತ್ರಿಕವಾಗಿ ಪರೀಕ್ಷೆ ಮಾಡಲು ನಮ್ಮಂಥ ಸಣ್ಣ ವಿಕಿಯವರು ಎಲ್ಲ ವಿಕಿಗಳಿಗೂ ಸೇರಿದ ಮೆಟಾ ವಿಕಿಗೆ ಹೋಗಿ ಸ್ಟೀವರ್ಡ್‌ಗಳನ್ನು ಕೇಳಬೇಕು. ಅವರು ಎಲ್ಲ ವಿಕಿಗಳಲ್ಲೂ ವಿಶೇಷ ಅಧಿಕಾರ ಇರುವ, ಜಗತ್ತಿನ ಬೇರೆಬೇರೆ ಕಡೆಯ ಸ್ವಯಂಸೇವಕರು. ನಮಗಾಗಿ ನೋಡಿಕೊಟ್ಟವರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಆ ಹೊಲಸನ್ನೆಲ್ಲ ಒಂದೊಂದಾಗಿ ಇಂಗ್ಲಿಷಿನಲ್ಲಿ ವಿವರಿಸಿ ಬರೆಯಬೇಕಾಯಿತು. ಇದು ಯಾಕೆ ಸಾಮಾನ್ಯ ಬೈಗುಳ ಅಲ್ಲ, ಇದರಲ್ಲಿ ಜಾತಿ ಹೇಗೆ ಬಂತು ಅಂತ. ನಾನು ಮತ್ತು ಇನ್ನೊಬ್ಬ ಹಳೆಯ ಸದಸ್ಯರು ಕೂತು ಬರೆದೆವು. ಆ ಕೆಲಸವನ್ನು ಬೈಸಿಕೊಂಡವಳ ಕೈಯಲ್ಲಿ ಮಾತ್ರ ಮಾಡಿಸಬಾರದು.

ಇಷ್ಟರಲ್ಲಿ ಕೆಲವರು ಒಳ್ಳೆಯ ಮನಸ್ಸಿನಿಂದಲೇ ‘ಅರಳಿ ಕಟ್ಟೆ’ಯಲ್ಲಿ ಇದನ್ನು ಎತ್ತಿ ಖಂಡಿಸಬೇಕು ಅಂದರು. ಅರಳಿ ಕಟ್ಟೆ ಅಂದರೆ ಕನ್ನಡ ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ ಪುಟ. ನಾನು ಬೇಡ ಅಂದೆ. ಹತ್ತು ಜನ ಅವನ ಹೆಸರು ಹಿಡಿದು ಬರೆದರೆ ಅವನಿಗೆ ಬೇಕಾಗಿದ್ದ ಸಭೆಯನ್ನು ನಾವೇ ಕಟ್ಟಿಕೊಟ್ಟ ಹಾಗಲ್ವಾ? ಅದರ ಬದಲು ಆ ಹತ್ತು ಜನ ಹುಡುಗಿಯ ಚರ್ಚೆ ಪುಟಕ್ಕೆ ಹೋಗಿ ಅವಳ ಕೆರೆಯ ಲೇಖನದ ಬಗ್ಗೆ ಬರೆಯಲಿ ಅಂತ ಕೇಳಿದೆ. ಬರೆದರು. ಒಬ್ಬರು ತಮ್ಮ ಊರಿನ ಕೆರೆಯ ತೂಬಿನ ಫೋಟೋವನ್ನು ವಿಕಿಗಳ ಚಿತ್ರಭಂಡಾರವಾದ ಕಾಮನ್ಸ್‌ಗೆ ಹಾಕಿ ಅವಳಿಗೆ ತೋರಿಸಿದರು.

ಸಿಟ್ಟಿನಿಂದ ಬರೆಯುವವರೆಲ್ಲ ಟ್ರೋಲ್ ಅಲ್ಲ. ಇದನ್ನೂ ಅಷ್ಟೇ ಒತ್ತಿ ಹೇಳಬೇಕು. ಹೊಸಪೇಟೆ ಕಡೆಯ ಹಿರಿಯರೊಬ್ಬರು ವಿಜಯನಗರದ ಹರಿಹರ, ಬುಕ್ಕರ ಮೂಲದ ವಿಷಯಕ್ಕೆ ಬಂದು ‘ನೀವೆಲ್ಲ ಸೇರಿ ಇತಿಹಾಸ ತಿರುಚುತ್ತಿದ್ದೀರಿ’ ಅಂತ ಕೂಗಾಡಿದ್ದರು. ಲೇಖನದಲ್ಲಿ ಆ ಮೂಲದ ಬಗ್ಗೆ ಇದ್ದ ಸಾಲನ್ನು ಮತ್ತೆ ಮತ್ತೆ ಅಳಿಸಿದರು. ಕೆಲವರು ಅವರನ್ನೂ ತಡೆಯಿರಿ ಅಂದರು. ನಾನು ಅವರು ಬರೆದದ್ದನ್ನು ನಿಧಾನಕ್ಕೆ ಓದಿದೆ. ಯಾರ ಮೈಬಣ್ಣ, ಯಾರ ಮನೆತನದ ಮಾತೂ ಅದರಲ್ಲಿ ಇರಲಿಲ್ಲ. ಅವರ ಸಿಟ್ಟೆಲ್ಲ ಆ ಒಂದು ವಾಕ್ಯದ ಮೇಲೆ. ‘ಸರ್, ನೀವು ಹೇಳುವುದು ಯಾವ ಪುಸ್ತಕದಲ್ಲಿದೆ, ಯಾವ ಪುಟ?’ ಅಂತ ಆ ಲೇಖನದ ಚರ್ಚೆ ಪುಟದಲ್ಲಿ ಕೇಳಿದೆ. ಎರಡು ದಿನ ಸುಮ್ಮನಿದ್ದರು. ಆಮೇಲೆ ಪುಟಗಳ ಫೋಟೋ ಕಳಿಸಿದರು.

ಅವರ ಕೈಯಲ್ಲಿ ಪುರಾವೆ ಇತ್ತು. ಈ ವಿಷಯದಲ್ಲಿ ಇತಿಹಾಸಕಾರರಲ್ಲೇ ಒಮ್ಮತ ಇಲ್ಲ. ಹೆರಾಸ್, ಸಾಲೆತೊರೆ ಅವರು ಕನ್ನಡ ನಾಡಿನ ಮೂಲ ಅಂತ ವಾದಿಸಿದರೆ, ನೀಲಕಂಠ ಶಾಸ್ತ್ರಿ, ವೆಂಕಟರಮಣಯ್ಯ ಅವರು ಆಂಧ್ರ ಕಡೆಯ ಮೂಲ ಅಂದರು. ನಾವು ಎರಡನ್ನೂ, ಯಾರು ಹೇಳಿದ್ದು ಅಂತ ಹೆಸರು ಸಮೇತ ಬರೆದೆವು. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಎದುರು ವಾದದವರಿಗೂ ಆಗಲಿಲ್ಲ. ಅಳಿಸುವುದು ಮಾತ್ರ ನಿಂತಿತು. ಆ ಹಿರಿಯರು ಈಗಲೂ ಹಂಪಿಯ ಮಂಟಪಗಳ ಬಗ್ಗೆ ತಿದ್ದುತ್ತಿರುತ್ತಾರೆ, ಈಗಲೂ ಗದರುತ್ತಾರೆ. ಅವರನ್ನು ಓಡಿಸಿದ್ದರೆ ನಷ್ಟ ನಮಗೇ.

ಇಂಥ ಜಗಳಕ್ಕೆ ತಾಳ್ಮೆ ಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊಸರಿನ ಲೇಖನದ ಶೀರ್ಷಿಕೆಯಲ್ಲಿ ‘ಎಚ್’ ಅಕ್ಷರ ಇರಬೇಕೋ ಬೇಡವೋ (Yoghurt ಅಥವಾ Yogurt) ಅನ್ನುವ ವಾದ 2003ರಿಂದ 2011ರವರೆಗೆ ಎಳೆಯಿತು. 24 ಗಂಟೆಯಲ್ಲಿ ಒಂದೇ ಪುಟವನ್ನು ಮೂರಕ್ಕಿಂತ ಜಾಸ್ತಿ ಸಲ ಹಿಂದಿನಂತೆ ಮಾಡಬಾರದು ಅನ್ನುವ ನಿಯಮ ಅಲ್ಲಿ ಇರುವುದು ಇಂಥ ಎಳೆದಾಟಕ್ಕೇ. ಅಳಿಸುವುದನ್ನು ನಿಲ್ಲಿಸಿ ಮಾತಾಡಿ ಅಂತ ಅದರ ಅರ್ಥ.

ನಮ್ಮಲ್ಲಿ ನನಗೆ ಸರಿಬಾರದ ಒಂದು ಅಭ್ಯಾಸ ಇದೆ. ಲೇಖನದ ವಿಷಯದ ಜಗಳವನ್ನು ವಾಟ್ಸಾಪ್ ಗುಂಪಿನಲ್ಲಿ ಮಾತಾಡಿ ಮುಗಿಸುತ್ತಾರೆ, ಕಿರುಕುಳದ ದೂರನ್ನು ಎಲ್ಲರ ಎದುರು ಚರ್ಚೆಗೆ ಇಡುತ್ತಾರೆ. ಇದು ತಲೆಕೆಳಗು. ವಿಷಯದ ಜಗಳ ಚರ್ಚೆ ಪುಟದಲ್ಲೇ ಆಗಲಿ. ಐದು ವರ್ಷ ಬಿಟ್ಟು ಬಂದವರಿಗೂ ಈ ವಾಕ್ಯ ಯಾಕೆ ಹೀಗಿದೆ ಅಂತ ಓದಲು ಸಿಗುತ್ತದೆ. ಕಿರುಕುಳದ ಮಾತು ಮುಚ್ಚಿದ ಬಾಗಿಲ ಹಿಂದೆ ಇರಲಿ. ಜೀವ ಬೆದರಿಕೆ ಬಂದರೆ ಅದಕ್ಕೆಂದೇ ವಿಕಿಪೀಡಿಯ ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ನಿನ ತುರ್ತು ಮೇಲ್ ವಿಳಾಸ ಇದೆ. 2020ರ ಡಿಸೆಂಬರಿನಲ್ಲಿ ಫೌಂಡೇಶನ್ನಿನ ಮಂಡಳಿ ಒಪ್ಪಿದ ನಡತೆಯ ನಿಯಮಗಳು ಎಲ್ಲ ಭಾಷೆಯ ವಿಕಿಗಳಿಗೂ ಅನ್ವಯಿಸುತ್ತವೆ, ನಮಗೂ.

ಆ ಹುಡುಗಿ ಫೋಟೋ ತೆಗೆದಳು, ಖಾತೆಯ ಹೆಸರು ಬದಲಿಸಿಕೊಂಡಳು. ಬರೆಯುವುದನ್ನು ಬಿಡಲಿಲ್ಲ. ಅವಳ ಹಳೆಯ ಖಾತೆಯ ಹೆಸರಿನಲ್ಲಿ ಅವಳ ಪೂರ್ತಿ ಹೆಸರು, ಜೊತೆಗೆ ಕಾಲೇಜಿನ ರಿಜಿಸ್ಟರ್ ನಂಬರು ಇತ್ತು. ಅಂಕ ಕೊಡಲು ಅನುಕೂಲ ಆಗಲಿ ಅಂತ ಹಾಗೆ ಮಾಡಿಸಿದ್ದರಂತೆ. ಕಾರ್ಯಾಗಾರ ನಡೆಸುವ ಮೇಷ್ಟ್ರುಗಳೇ, ಮೇಡಂಗಳೇ, ದಯವಿಟ್ಟು ಹಾಗೆ ಮಾಡಿಸಬೇಡಿ. ಯಾರು ಯಾವ ಖಾತೆ ಅನ್ನುವ ಪಟ್ಟಿ ನಿಮ್ಮ ವಹಿಯಲ್ಲಿದ್ದರೆ ಸಾಕು. ಮಕ್ಕಳಿಗೆ ಮೊದಲ ಗಂಟೆಯಲ್ಲೇ ಹೇಳಿ, ಹೆಸರು ಏನು ಬೇಕಾದರೂ ಇಟ್ಟುಕೊಳ್ಳಬಹುದು, ಫೋಟೋ ಬೇಕಿಲ್ಲ, ಯಾರಾದರೂ ಕೆಟ್ಟದಾಗಿ ಬರೆದರೆ ಉತ್ತರ ಕೊಡದೆ ಅವತ್ತೇ ನಮಗೆ ತಿಳಿಸಿ ಅಂತ. ತಿಳಿಸಬೇಕಾದವರ ಹೆಸರನ್ನೂ ಬೋರ್ಡಿನ ಮೇಲೆ ಬರೆದುಬಿಡಿ.