ಇಸಬೆಲ್ಲಾಳ ಮಕ್ಕಳ ಮದುವೆ ನಕ್ಷೆ: ಪೋರ್ಚುಗಲ್ ಭಾಗ ಮುಗಿಯಿತು

ಕ್ಯಾಸ್ಟೈಲ್‌ನ ರಾಣಿ ಇಸಬೆಲ್ಲಾ ಮತ್ತು ಅರಗಾನ್‌ನ ರಾಜ ಫರ್ಡಿನಾಂಡ್ ತಮ್ಮ ಐವರು ಮಕ್ಕಳಿಗೆ ಕುದುರಿಸಿದ ಸಂಬಂಧಗಳನ್ನೆಲ್ಲ ಒಂದೇ ಡ್ರಾಯಿಂಗ್ ಹಾಳೆಯ ಮೇಲೆ ತರುವ ಕೆಲಸದಲ್ಲಿ ಪೋರ್ಚುಗಲ್ ಭಾಗ ಈ ವಾರ ಮುಗಿದಿದೆ. ಮದುವೆಗೆ ಕೆಂಪು ಗೆರೆ, ಸಂತಾನಕ್ಕೆ ಕಪ್ಪು ಗೆರೆ, ಪೋಪರ ವಿಶೇಷ ಅನುಮತಿ ಬೇಕಾಗಿದ್ದ ಕಡೆ ಹಸಿರು ಚುಕ್ಕೆ ಇಟ್ಟಿದ್ದೇನೆ.

ಹೆಚ್ಚು ಸಮಯ ಹಿಡಿದದ್ದು ದೊರೆ ಮ್ಯಾನುಯೆಲ್‌ನ ಚೌಕ. ಹಿರಿಯ ಮಗಳು, ತಾಯಿಯ ಹೆಸರನ್ನೇ ಹೊತ್ತ ಇಸಬೆಲ್, 1490ರಲ್ಲಿ ಪೋರ್ಚುಗಲ್‌ನ ಯುವರಾಜ ಅಫೊನ್ಸೋನನ್ನು ವರಿಸಿ, ಮರುವರ್ಷವೇ ಆತ ಕುದುರೆಯಿಂದ ಬಿದ್ದು ಸತ್ತಾಗ ವಿಧವೆಯಾಗಿ ತೌರಿಗೆ ಮರಳಿದವಳು; ಮತ್ತೆ ಮದುವೆ ಬೇಡವೆಂದರೂ 1497ರಲ್ಲಿ ಮ್ಯಾನುಯೆಲ್‌ನ ಕೈ ಹಿಡಿಯಬೇಕಾಯಿತು. 1498ರಲ್ಲಿ ಹೆರಿಗೆಯಲ್ಲೇ ತೀರಿಕೊಂಡಳು. ಮೂರು ಸಿಂಹಾಸನಗಳಿಗೆ ಹಕ್ಕುದಾರನಾಗಿದ್ದ ಆಕೆಯ ಮಗ ಮಿಗೆಲ್ ಎರಡು ವರ್ಷ ತುಂಬುವ ಮೊದಲೇ 1500ರಲ್ಲಿ ಸತ್ತ. ಅದೇ ವರ್ಷ ಮ್ಯಾನುಯೆಲ್ ಆಕೆಯ ತಂಗಿ ಮರಿಯಾಳನ್ನು ಮದುವೆಯಾದ. ಸತ್ತ ಹೆಂಡತಿಯ ತಂಗಿಯನ್ನು ತಂದುಕೊಳ್ಳುವುದು ನಮ್ಮ ಕಡೆ ಯಾರೂ ಹುಬ್ಬೇರಿಸುವ ಸಂಗತಿಯಲ್ಲ, ಆದರೆ ಚರ್ಚಿನ ಕಟ್ಟಳೆಯಲ್ಲಿ ಅದು ನಿಷಿದ್ಧ. ಆದ್ದರಿಂದ ಇಲ್ಲೊಂದು ಹಸಿರು ಚುಕ್ಕೆ. ಮರಿಯಾ 1517ರಲ್ಲಿ ತೀರಿಕೊಂಡ ಮೇಲೆ, 1518ರಲ್ಲಿ ಆತ ವರಿಸಿದ್ದು ಇವರಿಬ್ಬರ ಸೋದರಿ ಹುವಾನಾಳ ಮಗಳು ಎಲಿಯನೋರ್‌ಳನ್ನು. ದೊಡ್ಡಪ್ಪನೂ ಚಿಕ್ಕಪ್ಪನೂ ಆಗಿದ್ದವನೇ ಆಕೆಗೆ ಗಂಡನಾದ. ಎಲಿಯನೋರ್ ಒಂದು ತಲೆಮಾರು ಕೆಳಗಿನ ಸಾಲಿನಲ್ಲಿರುವುದರಿಂದ ಈ ಮೂರನೆಯ ಕೆಂಪು ಗೆರೆ ಓರೆಯಾಗಿ ಹಾಯುತ್ತದೆ. ಚೌಕಗಳನ್ನು ಸರಿಸಿ ಅದನ್ನು ನೇರ ಮಾಡಬಹುದಿತ್ತು. ವಯಸ್ಸಿನ ಅಂತರ ಕಣ್ಣಿಗೆ ರಾಚಲೆಂದೇ ಹಾಗೆಯೇ ಬಿಟ್ಟಿದ್ದೇನೆ.

ಗೆರೆಗಳು ಹೇಳಲಾರದ ಒಂದು ವಿಷಯವನ್ನು ಅಕ್ಷರದಲ್ಲೇ ಬರೆಯಬೇಕಾಯಿತು. ಇಸಬೆಲ್ ಜೊತೆಗಿನ ಮದುವೆಗೆ ಹಾಕಿದ್ದ ಷರತ್ತಿನಂತೆ ಮ್ಯಾನುಯೆಲ್ 1496ರ ಡಿಸೆಂಬರ್‌ನಲ್ಲಿ ಯಹೂದಿಗಳನ್ನು ತನ್ನ ರಾಜ್ಯದಿಂದ ಹೊರಹಾಕುವ ಆಜ್ಞೆ ಹೊರಡಿಸಿದ. ವರದಕ್ಷಿಣೆಯ ಮೊತ್ತಗಳಿಗಿಂತ ಈ ಟಿಪ್ಪಣಿ ದೊಡ್ಡ ಅಕ್ಷರದಲ್ಲಿರಬೇಕೆಂದು ನನಗನ್ನಿಸಿತು.

ಮುಂದಿನದು ಕಿರಿಯ ಮಗಳು ಕ್ಯಾಥರೀನ್‌ಳ ಇಂಗ್ಲೆಂಡ್ ಭಾಗ. 2 ಲಕ್ಷ ಕ್ರೌನ್ ವರದಕ್ಷಿಣೆಯಲ್ಲಿ ಅರ್ಧವಷ್ಟೇ ಸಂದಾಯವಾಗಿದ್ದಾಗ, 1502ರ ಏಪ್ರಿಲ್‌ನಲ್ಲಿ, ಗಂಡ ಆರ್ಥರ್ ಸತ್ತ. ಉಳಿದರ್ಧದ ತಕರಾರಿನ ನಡುವೆ ಏಳು ವರ್ಷ ಅಲ್ಲೇ ಕಾದ ಆಕೆ 1509ರಲ್ಲಿ ಮೈದುನ ಎಂಟನೆಯ ಹೆನ್ರಿಯ ರಾಣಿಯಾದಳು. ಹೆನ್ರಿಯ ಉಳಿದ ಐವರು ಪತ್ನಿಯರಿಗೆ ಈ ಹಾಳೆಯಲ್ಲಿ ಜಾಗ ಕೊಡುವುದಿಲ್ಲ.